ದೇಹದಲ್ಲಿ ಕಬ್ಬಿಣದ ಸಂಗ್ರಹ: ಕಲಬುರಗಿ–ಕಮಲಾಪುರ ಪರಿಸರದಲ್ಲಿ

ಮನುಷ್ಯನ ದೇಹ ಅಂದಂದಿಗೆ ಬೇಕಾದ ಕಬ್ಬಿಣವನ್ನು ಬಳಸಿಕೊಂಡು ಮಿಕ್ಕದ್ದನ್ನು ಯಕೃತ್ತು, ಗುಲ್ಮ ಮತ್ತು ಅಸ್ಥಿಮಜ್ಜೆಗಳಲ್ಲಿ ಕೂಡಿಡುತ್ತದೆ. ಕೂಡಿಟ್ಟದ್ದು ಎಷ್ಟಿದೆ ಎಂಬುದನ್ನು ರಕ್ತದಲ್ಲಿರುವ ಫೆರಿಟಿನ್ ಎಂಬ ಪ್ರೋಟೀನಿನ ಮಟ್ಟದಿಂದ ಅಂದಾಜು ಮಾಡುತ್ತಾರೆ. ಸಂಗ್ರಹ ಬರಿದಾದರೆ ಸುಸ್ತು, ಏದುಸಿರು, ರಕ್ತಹೀನತೆ ಒಂದರ ಹಿಂದೊಂದು ಬರುತ್ತವೆ. ಅಳತೆ ಮೀರಿ ತುಂಬಿಕೊಂಡರೆ ಯಕೃತ್ತು, ಹೃದಯ ಮತ್ತು ಮೇದೋಜೀರಕ ಗ್ರಂಥಿ ಹಾಳಾಗುತ್ತವೆ.

ಕಲಬುರಗಿ ನಗರ ಹಾಗೂ ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರ, ಈ ವಿಷಯವನ್ನು ನೋಡಲು ತಕ್ಕ ಪ್ರದೇಶ. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆ ಇದು. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2017ರಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಒಂದಾದ ಕಮಲಾಪುರ ತನ್ನ ಕೆಂಬಾಳೆಗೆ ಹೆಸರಾಗಿದೆ. ನಗರದಲ್ಲಿ 1963ರಲ್ಲಿ ಆರಂಭವಾದ ಮಹದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಿಂದ ಹಿಡಿದು ಸರ್ಕಾರಿ ಜಿಮ್ಸ್, ಖಾಜಾ ಬಂದಾನವಾಜ್, ಇಎಸ್‌ಐಸಿ ಕಾಲೇಜುಗಳವರೆಗೆ ಆಸ್ಪತ್ರೆಗಳ ಸಾಲೇ ಇದೆ. ಇಷ್ಟಿದ್ದೂ ಮನೆಮನೆಯಲ್ಲಿ ‘ಮೈಯಾಗ ರಕ್ತ ಕಡಿಮಿ ಅದ’ ಎನ್ನುವ ಮಾತು ಕೇಳಿಬರುತ್ತದೆ. ಆ ಮಾತಿನ ಹಿಂದೆ ಸಾಮಾನ್ಯವಾಗಿ ಇರುವುದು ಹಿಮೋಗ್ಲೋಬಿನ್ ಪರೀಕ್ಷೆಯ ಒಂದು ಅಂಕಿ. ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ನೋಡಿದವರು ಕಡಿಮೆ.

ಎಷ್ಟಿರುತ್ತದೆ, ಎಲ್ಲಿರುತ್ತದೆ

ವಯಸ್ಕ ಗಂಡಸಿನ ಮೈಯಲ್ಲಿ ಒಟ್ಟು ಸುಮಾರು 4 ಗ್ರಾಂ ಕಬ್ಬಿಣವಿರುತ್ತದೆ. ಹೆಂಗಸಿನಲ್ಲಿ ಅದಕ್ಕಿಂತ ಕಡಿಮೆ. ಇದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದ್ದು ಆಮ್ಲಜನಕ ಸಾಗಿಸುವ ಕೆಲಸ ಮಾಡುತ್ತದೆ. ಒಂದಿಷ್ಟು ಸ್ನಾಯುಗಳಲ್ಲೂ ಕಿಣ್ವಗಳಲ್ಲೂ ಹಂಚಿಕೊಂಡಿದೆ. ಉಳಿದದ್ದು ಸಂಗ್ರಹ: ಗಂಡಸಿನಲ್ಲಿ ಸುಮಾರು 1 ಗ್ರಾಂ, ಮುಟ್ಟಾಗುವ ವಯಸ್ಸಿನ ಆರೋಗ್ಯವಂತ ಹೆಂಗಸಿನಲ್ಲಿ 300 ಮಿಲಿಗ್ರಾಂ ಆಸುಪಾಸು. ಹೆಣ್ಣಿನ ಸಂಗ್ರಹ ಗಂಡಿನದರ ಮೂರರಲ್ಲಿ ಒಂದು ಪಾಲಿನಷ್ಟೇ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಬಹಳಷ್ಟು ಸಂಗತಿ ತಾನಾಗಿ ತಿಳಿಯುತ್ತದೆ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಗುಲ್ಮದ ಭಕ್ಷಕಕೋಶಗಳು ಒಡೆದು ಅವುಗಳಲ್ಲಿನ ಕಬ್ಬಿಣವನ್ನು ಮತ್ತೆ ಬಳಕೆಗೆ ಬಿಡುತ್ತವೆ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಹೀಗೆ ತಿರುಗಿ ಬರುತ್ತದೆ. ಹೊರಗೆ ಹೋಗುವುದು ದಿನಕ್ಕೆ ಸುಮಾರು 1 ಮಿಲಿಗ್ರಾಂ ಮಾತ್ರ. ಅದೂ ಉದುರುವ ಚರ್ಮ ಮತ್ತು ಕರುಳಿನ ಕೋಶಗಳ ಜೊತೆ. ಒಂದು ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಂನಷ್ಟು ಕಬ್ಬಿಣ ಇರುವುದರಿಂದ ಪ್ರತಿ ತಿಂಗಳು ಮುಟ್ಟಿನಲ್ಲಿ 30–40 ಮಿಲಿಲೀಟರ್ ರಕ್ತ ಹೋದರೆ ಅದರ ಜೊತೆ 15–20 ಮಿಲಿಗ್ರಾಂ ಕಬ್ಬಿಣವೂ ಹೋಗುತ್ತದೆ. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. ಅದನ್ನು ಸಹಜವೆಂದು ಸಹಿಸಿಕೊಂಡು ವರ್ಷಗಟ್ಟಲೆ ನಡೆದ ಹೆಂಗಸರು ಎಷ್ಟೋ ಮಂದಿ.

ಬೇಡದ ಕಬ್ಬಿಣವನ್ನು ಮೂತ್ರದ ಮೂಲಕವೋ ಪಿತ್ತದ ಮೂಲಕವೋ ಬೇಕೆಂದಾಗ ಹೊರಹಾಕುವ ದಾರಿ ದೇಹಕ್ಕಿಲ್ಲ. ಆದ್ದರಿಂದ ನಿಯಂತ್ರಣವೆಲ್ಲ ಒಳಬರುವ ಬಾಗಿಲಲ್ಲಿ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ನಡೆಯುತ್ತದೆ. ಇದನ್ನು ನಡೆಸುವುದು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ವಿಜ್ಞಾನಿಗಳಿಗೆ ಇದರ ಪರಿಚಯವಾದದ್ದು 2000ದ ಸುಮಾರಿಗೆ. ಸಂಗ್ರಹ ಸಾಕಷ್ಟಿದ್ದಾಗ ಹೆಪ್ಸಿಡಿನ್ ಏರಿ ಬಾಗಿಲು ಮುಚ್ಚುತ್ತದೆ. ಬರಿದಾದಾಗ ಇಳಿದು ತೆರೆಯುತ್ತದೆ. ಜ್ವರ, ಸೋಂಕು, ಉರಿಯೂತಗಳಲ್ಲೂ ಅದು ಏರುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅದು ಅವುಗಳ ಕೈಗೆ ಸಿಗದಂತೆ ದೇಹ ಅಡಗಿಸಿಡುತ್ತದೆ. ಪದೇಪದೇ ಕಾಯಿಲೆ ಬೀಳುವ ಮಗುವಿಗೆ ಎಷ್ಟು ಒಳ್ಳೆಯ ಊಟ ಹಾಕಿದರೂ ರಕ್ತ ಏರದಿರುವುದಕ್ಕೆ ಇದೂ ಒಂದು ಕಾರಣ.

ಫೆರಿಟಿನ್ ಅಂಕಿ ಓದುವ ಬಗೆ

ಫೆರಿಟಿನ್ 24 ಘಟಕಗಳು ಕೂಡಿ ಆದ ಪೊಳ್ಳು ಗೋಳ. ಒಂದೊಂದು ಗೋಳದ ಒಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಸುತ್ತವೆ. 1937ರಲ್ಲಿ ಚೆಕ್ ವಿಜ್ಞಾನಿ ವಿಲೆಮ್ ಲಾಫ್‌ಬರ್ಗರ್ ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿದ. ಇದರ ಅತ್ಯಲ್ಪ ಭಾಗ ರಕ್ತದಲ್ಲಿ ಓಡಾಡುತ್ತದೆ. ಅದನ್ನು ಅಳೆಯುವ ವಿಧಾನವನ್ನು 1972ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ರೂಪಿಸಿದರು. ಆರೋಗ್ಯವಂತರಲ್ಲಿ ಒಂದು ಲೀಟರ್ ರಕ್ತಸಾರದಲ್ಲಿ 1 ಮೈಕ್ರೊಗ್ರಾಂ ಫೆರಿಟಿನ್ ಇದ್ದರೆ ಮೈಯಲ್ಲಿ 8ರಿಂದ 10 ಮಿಲಿಗ್ರಾಂ ಕಬ್ಬಿಣ ಸಂಗ್ರಹವಿದೆ ಎಂದು ಲೆಕ್ಕ. ಪ್ರಯೋಗಾಲಯದ ವರದಿಗಳಲ್ಲಿ ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು ಅಚ್ಚಾಗಿರುತ್ತದೆ. ಎರಡು ರೀತಿಯಲ್ಲೂ ಅಂಕಿ ಒಂದೇ.

ಈ ಸೀಮೆಯ ಹಳೆಯ ಮನೆಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ತಟ್ಟೆಯಲ್ಲಿ ರೊಟ್ಟಿ ಕಾಣುತ್ತಿದೆ ಎಂದಮಾತ್ರಕ್ಕೆ ಹಗೇವಿನಲ್ಲಿ ಜೋಳ ಉಳಿದಿದೆ ಎನ್ನಲಾಗದು. ಹಿಮೋಗ್ಲೋಬಿನ್ ತಟ್ಟೆಯ ರೊಟ್ಟಿ, ಫೆರಿಟಿನ್ ಹಗೇವಿನ ಜೋಳ. ಮೊದಲು ಸಂಗ್ರಹ ಕರಗುತ್ತದೆ. ಆಮೇಲೆ ಅಸ್ಥಿಮಜ್ಜೆಗೆ ಕಬ್ಬಿಣದ ಪೂರೈಕೆ ಕುಗ್ಗುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಕೊನೆಯ ಹಂತದಲ್ಲಿ. ಹಿಮೋಗ್ಲೋಬಿನ್ 12.5 ಇದೆ ಎಂದು ಸಮಾಧಾನ ಹೇಳಿ ಕಳಿಸಿದ ಕಾಲೇಜು ಹುಡುಗಿಯ ಫೆರಿಟಿನ್ 8 ಇರಬಹುದು. ಅವಳ ಸುಸ್ತು, ಉದುರುವ ಕೂದಲು, ಓದಿನಲ್ಲಿ ನಿಲ್ಲದ ಗಮನ ಯಾವುದೂ ಅವಳ ಸೋಮಾರಿತನವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಫೆರಿಟಿನ್ ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ, ಉಳಿದವರಲ್ಲಿ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದರ್ಥ. ಚಿಕಿತ್ಸೆ ನೀಡುವ ಅನೇಕ ವೈದ್ಯರು 30ಕ್ಕಿಂತ ಕೆಳಗಿದ್ದರೂ ಸಂಗ್ರಹ ಸಾಲದು ಎಂದೇ ಭಾವಿಸುತ್ತಾರೆ. ಈ ಅಂಕಿಗೆ ಒಂದು ದೊಡ್ಡ ತೊಡಕಿದೆ. ಉರಿಯೂತವಿದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಒಳಗೆ ಕಬ್ಬಿಣ ಬರಿದಾಗಿದ್ದರೂ ವರದಿಯಲ್ಲಿ 50 ಎಂದು ಬರಬಹುದು. ಅದಕ್ಕೆಂದೇ ಸೋಂಕು ಅಥವಾ ಉರಿಯೂತ ಇರುವವರಲ್ಲಿ ಕೊರತೆಯ ಗಡಿಯನ್ನು ಮಕ್ಕಳಿಗೆ 30, ದೊಡ್ಡವರಿಗೆ 70 ಎಂದು ಮೇಲಕ್ಕೆ ಏರಿಸಿದ್ದಾರೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಮತ್ತು ಹೃದಯ ವೈಫಲ್ಯದಲ್ಲಿ 100ಕ್ಕಿಂತ ಕೆಳಗಿನದನ್ನೂ ಕೊರತೆ ಎಂದೇ ಎಣಿಸುತ್ತಾರೆ. ಆದ್ದರಿಂದ ಫೆರಿಟಿನ್ ಜೊತೆಗೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆ, ಸಂದೇಹವಿದ್ದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ನೋಡುವುದು ಸರಿಯಾದ ಕ್ರಮ. ಜ್ವರ ಬಂದು ಹೋದ ವಾರವೇ ಫೆರಿಟಿನ್ ಮಾಡಿಸಿದರೆ ಹಣ ದಂಡ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಆಗುವುದು ಹಿಮೋಗ್ಲೋಬಿನ್ ಪರೀಕ್ಷೆ. ಫೆರಿಟಿನ್‌ಗೆ ಬೇಕಾದ ಯಂತ್ರ ದೊಡ್ಡ ಆಸ್ಪತ್ರೆಗಳಲ್ಲಿ, ನಗರದ ಖಾಸಗಿ ಪ್ರಯೋಗಾಲಯಗಳಲ್ಲಿ ಇರುತ್ತದೆ. ತಾಂಡಾದಿಂದಲೋ ಹಳ್ಳಿಯಿಂದಲೋ ಕಮಲಾಪುರಕ್ಕೆ ಬಂದ ಹೆಂಗಸು ಈ ಒಂದು ಪರೀಕ್ಷೆಗೆ ಮತ್ತೆ ಕಲಬುರಗಿ ಬಸ್ ಹತ್ತಬೇಕೆಂದರೆ ದಿನದ ಕೂಲಿ ಹೋಯಿತು. ಎಲ್ಲರಿಗೂ ಈ ಪರೀಕ್ಷೆ ಬೇಕಾಗಿಲ್ಲ. ಕಬ್ಬಿಣದ ಗುಳಗಿ ನುಂಗಿಯೂ ಹಿಮೋಗ್ಲೋಬಿನ್ ಏರದವರಿಗೆ ಮಾತ್ರ ಇದು ತಾಲೂಕು ಮಟ್ಟದಲ್ಲೇ ಸಿಗುವಂತಾಗಬೇಕು.

ಸಮೀಕ್ಷೆಗಳು ಹೇಳುವುದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ರಕ್ತಹೀನತೆ ಕಂಡುಬಂದಿದೆ. ಇದು ಬೆರಳು ಚುಚ್ಚಿ ತೆಗೆದ ಹನಿಯಿಂದ ಅಳೆದ ಲೆಕ್ಕ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದಿಂದಲೇ ರಕ್ತ ತೆಗೆದು, ಫೆರಿಟಿನ್ ಕೂಡ ಅಳೆಯಿತು. ಅದರಲ್ಲಿ ಇಡೀ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ. 41, ಕಬ್ಬಿಣದ ಕೊರತೆ ಶೇ. 32. ಹದಿಹರೆಯದವರಲ್ಲಿ ಕಬ್ಬಿಣದ ಕೊರತೆ ಶೇ. 22, ಹುಡುಗಿಯರನ್ನಷ್ಟೇ ತೆಗೆದುಕೊಂಡರೆ ಶೇ. 31, ಹುಡುಗರಲ್ಲಿ ಶೇ. 12.

ಹಿಮೋಗ್ಲೋಬಿನ್ ಕಡಿಮೆ ಇರುವ ಎಲ್ಲರಿಗೂ ಕಬ್ಬಿಣದ ಕೊರತೆ ಇಲ್ಲ. ಬಿ12 ಮತ್ತು ಫೋಲೇಟ್ ಕೊರತೆ, ಥಲಸ್ಸೀಮಿಯ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕತ್ವ, ದೀರ್ಘಕಾಲದ ಸೋಂಕುಗಳೂ ಕಾರಣವಾಗುತ್ತವೆ. ಕೊರತೆ ಇರುವ ಎಷ್ಟೋ ಜನರ ಹಿಮೋಗ್ಲೋಬಿನ್ ಇನ್ನೂ ಇಳಿದಿರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮೊದಲಾದವರು ರಕ್ತಹೀನತೆಯನ್ನು ಅಳೆಯುವ ಗಡಿಗಳ ಬಗ್ಗೆಯೂ, ಎಲ್ಲಕ್ಕೂ ಕಬ್ಬಿಣವೇ ಮದ್ದು ಎಂಬ ನಂಬಿಕೆಯ ಬಗ್ಗೆಯೂ ಎತ್ತಿದ ಪ್ರಶ್ನೆಗಳು ಈ ಅಂತರದಿಂದಲೇ ಹುಟ್ಟಿದವು. ಹಾಗೆಂದು ಕೊರತೆ ದೊಡ್ಡದಲ್ಲ ಎಂದು ತಿಳಿಯಬಾರದು. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಒಂದರಿಂದ ಎರಡು ವರ್ಷದೊಳಗಿನ 401 ಮಕ್ಕಳ ಮೇಲೆ ನಡೆದ, 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 75.3 ಮಕ್ಕಳಿಗೆ ರಕ್ತಹೀನತೆ ಇತ್ತು. ಅದಕ್ಕೂ ಕಡಿಮೆ ಫೆರಿಟಿನ್‌ಗೂ, ತಾಯಿಯ ರಕ್ತಹೀನತೆಗೂ, ಮನೆಯಲ್ಲಿ ಊಟದ ಅಭಾವಕ್ಕೂ ನಂಟು ಕಂಡಿತು.

ಊಟದ ತಟ್ಟೆ

ಇಲ್ಲಿನ ಊಟದಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕಿಂತ ಹೆಚ್ಚು, ತೊಗರಿಬೇಳೆಯಲ್ಲಿ 4ರ ಸಮೀಪ, ಹುರುಳಿಯಲ್ಲಿ 8ಕ್ಕಿಂತ ಹೆಚ್ಚು ಮಿಲಿಗ್ರಾಂ ಕಬ್ಬಿಣವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ದಿನಕ್ಕೆ ಆರು ಜೋಳದ ರೊಟ್ಟಿ ತಿನ್ನುವ ಹೆಂಗಸಿಗೆ ರೊಟ್ಟಿಯಿಂದಲೇ ಸುಮಾರು 15 ಮಿಲಿಗ್ರಾಂ ಸಿಗುತ್ತದೆ. ಅದೇ ಸಂಸ್ಥೆಯ 2020ರ ಶಿಫಾರಸಿನಂತೆ ಹೆಂಗಸಿಗೆ ದಿನಕ್ಕೆ 29, ಗಂಡಸಿಗೆ 19 ಮಿಲಿಗ್ರಾಂ ಬೇಕು. ಅರ್ಧ ದಾರಿ ರೊಟ್ಟಿಯೇ ಮುಟ್ಟಿಸಿತು ಎನಿಸುತ್ತದೆ.

ತೊಡಕಿರುವುದು ಹೀರಿಕೆಯಲ್ಲಿ. ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್, ಜೋಳದ ಟ್ಯಾನಿನ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಇಂಥ ಊಟದಿಂದ ಸಾಮಾನ್ಯವಾಗಿ ಶೇ. 5ರಿಂದ 8ರಷ್ಟೇ ಮೈಗೆ ಹತ್ತುತ್ತದೆ. ಆ 15 ಮಿಲಿಗ್ರಾಂನಲ್ಲಿ ರಕ್ತಕ್ಕೆ ಸೇರಿದ್ದು ಒಂದು ಮಿಲಿಗ್ರಾಂ ಆಸುಪಾಸು. ಊಟ ಮುಗಿಯುತ್ತಲೇ ಒಂದು ಕಪ್ ಚಹಾ ಕುಡಿದರೆ ಅದೂ ಇನ್ನಷ್ಟು ಕಡಿಮೆಯಾಗುತ್ತದೆ. ಕಲಬುರಗಿಯಲ್ಲಿ ಚಹಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು–ಒಂದೂವರೆ ತಾಸು ಬಿಟ್ಟರೆ ಸಾಕು.

ಹೀರಿಕೆಯನ್ನು ಹೆಚ್ಚಿಸುವ ದಾರಿಗಳೂ ಇದೇ ಅಡುಗೆಮನೆಯಲ್ಲಿವೆ. ವಿಟಮಿನ್ ಸಿ ಅವುಗಳಲ್ಲಿ ಮುಖ್ಯ. ಊಟದ ಜೊತೆಗೆ ಹಿಂಡಿದ ನಿಂಬೆ, ಕಚ್ಚಿಕೊಳ್ಳುವ ಹಸಿ ಉಳ್ಳಾಗಡ್ಡಿ–ಟೊಮೆಟೊ, ಊಟದ ಕೊನೆಗೆ ಪೇರಲ ಅಥವಾ ನೆಲ್ಲಿಕಾಯಿ ಇದ್ದರೆ ಅದೇ ರೊಟ್ಟಿಯಿಂದ ಹೆಚ್ಚು ಕಬ್ಬಿಣ ಸಿಗುತ್ತದೆ. ಕುದಿಸಿದರೆ ವಿಟಮಿನ್ ಸಿ ನಾಶವಾಗುವುದರಿಂದ ನಿಂಬೆಯನ್ನು ಒಲೆ ಆರಿಸಿದ ಮೇಲೆ ಹಿಂಡಬೇಕು. ಮಡಕಿ, ಹೆಸರು ಕಾಳುಗಳನ್ನು ಮೊಳಕೆ ಬರಿಸಿದರೆ, ಜೋಳದ ಅಂಬಲಿಯನ್ನು ರಾತ್ರಿ ಹುಳಿಯಲು ಬಿಟ್ಟರೆ ಫೈಟೇಟ್ ಕಡಿಮೆಯಾಗುತ್ತದೆ. ಅಂಬಲಿಯನ್ನು ಬಡವರ ಊಟವೆಂದು ಬದಿಗಿಟ್ಟು ಬೆಳಗ್ಗೆ ಚಹಾ–ಬಿಸ್ಕೆಟ್‌ನಲ್ಲಿ ಮುಗಿಸುವ ಮನೆಗಳು ಕಳೆದುಕೊಂಡದ್ದು ಸಣ್ಣದಲ್ಲ.

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗುವ ಈ ಸೀಮೆಯ ರೂಢಿಯನ್ನು ಇಲ್ಲಿ ನೆನೆಯಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ತೊಗರಿ, ಕಡಲೆ, ಅವರೆ ಕಾಳುಗಳನ್ನೂ ಮೆಂತ್ಯ ಮೊದಲಾದ ಸೊಪ್ಪುಗಳನ್ನೂ ಹುಣಸೆಹುಳಿಯಲ್ಲಿ ಬೇಯಿಸಿ ಕಡಲೆಹಿಟ್ಟು ಕೂಡಿಸಿದ ಭಜ್ಜಿ, ಪಕ್ಕದಲ್ಲಿ ಅಂಬಲಿ. ಸಜ್ಜೆ, ಎಳ್ಳು, ಕಾಳು, ಸೊಪ್ಪು, ಹುಳಿ, ಹುದುಗು ಎಲ್ಲವೂ ಒಂದೇ ಎಲೆಯ ಮೇಲೆ ಬರುತ್ತವೆ. ಶಾಕಾಹಾರದಲ್ಲಿ ಇದಕ್ಕಿಂತ ಕಬ್ಬಿಣ ತುಂಬಿದ ಊಟ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದರೆ ತಪ್ಪಾಗದು. ಅದಕ್ಕೆ ಮೇಲಿಂದ ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ಇದನ್ನು ವರ್ಷಕ್ಕೊಂದು ದಿನಕ್ಕೆ ಕಟ್ಟಿಹಾಕಬೇಕಾಗಿಲ್ಲ. ಪುಂಡಿ ಪಲ್ಯ, ರಾಜಗಿರಿ, ಮೆಂತ್ಯಗಳು ವಾರದ ಸಂತೆಯಲ್ಲೂ ಸಿಗುತ್ತವೆ.

ಕಬ್ಬಿಣದ ಪಾತ್ರೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಣ ರೊಟ್ಟಿ ಕಬ್ಬಿಣದ ಹಂಚಿನ ಮೇಲೆ ಎರಡು ನಿಮಿಷ ಬೆಂದರೆ ಅದಕ್ಕೆ ಸೇರುವ ಕಬ್ಬಿಣ ಅಲ್ಪ. ನೀರು ಮತ್ತು ಹುಳಿ ಇರುವ ಅಡುಗೆಯನ್ನು ಕಬ್ಬಿಣದ ಕಡಾಯಿಯಲ್ಲಿ ಹೊತ್ತು ಬೇಯಿಸಿದಾಗ ಲೋಹ ಕರಗಿ ಸಾರಿಗೆ ಇಳಿಯುತ್ತದೆ. ಹುಳಿಯಾದ ಪುಂಡಿ ಪಲ್ಯಕ್ಕೆ ಕಬ್ಬಿಣದ ಕಡಾಯಿ ಒಳ್ಳೆಯ ಜೋಡಿ. ಬೆಂದ ಮೇಲೆ ಅದರಲ್ಲೇ ಇಡದೆ ಬೇರೆ ಪಾತ್ರೆಗೆ ತೆಗೆಯಬೇಕು, ಇಲ್ಲದಿದ್ದರೆ ರುಚಿ ಕೆಡುತ್ತದೆ.

ಕಮಲಾಪುರದ ಕೆಂಬಾಳೆಯ ಬಗ್ಗೆ ಇರುವ ನಂಬಿಕೆಯನ್ನು ಬಿಡಿಸಿ ಹೇಳಬೇಕು. ಗರ್ಭಿಣಿಯನ್ನು ನೋಡಲು ಬರುವವರು ಕೆಂಬಾಳೆ, ಬೀಟ್‌ರೂಟ್, ದಾಳಿಂಬೆ ತರುತ್ತಾರೆ. ಕೆಂಪಗಿರುವುದೆಲ್ಲ ರಕ್ತ ಏರಿಸುತ್ತದೆ ಎಂಬ ಪ್ರೀತಿಯ ಲೆಕ್ಕ ಅದು. ಭೌಗೋಳಿಕ ಗುರುತು ಪಡೆದ ಈ ಹಣ್ಣು ಬೆಳೆಯಲು ಮಾಮೂಲಿ ಬಾಳೆಗಿಂತ ಹೆಚ್ಚು ತಿಂಗಳು ಬೇಕು, ಬೆಲೆಯೂ ಹೆಚ್ಚು, ಪರಿಮಳವೂ ಹೆಚ್ಚು. ಸಿಪ್ಪೆಯ ಬಣ್ಣ ಸಸ್ಯವರ್ಣಕಗಳಿಂದ ಬಂದದ್ದು, ಕಬ್ಬಿಣದಿಂದಲ್ಲ. ಯಾವುದೇ ಬಾಳೆಯಂತೆ ಇದರ 100 ಗ್ರಾಂ ತಿರುಳಿನಲ್ಲೂ ಕಬ್ಬಿಣ ಅರ್ಧ ಮಿಲಿಗ್ರಾಂನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಪೊಟ್ಯಾಶಿಯಂಗಾಗಿ, ರುಚಿಗಾಗಿ, ಊರಿನ ಅಭಿಮಾನಕ್ಕಾಗಿ ಇದನ್ನು ತಿನ್ನಬೇಕು. ರಕ್ತಕ್ಕಾಗಿ ಎಂದು ಅದೇ ದುಡ್ಡಿನಲ್ಲಿ ಕೊಳ್ಳುವುದಾದರೆ ಹುರುಳಿ, ಎಳ್ಳು, ನಿಂಬೆ ಹೆಚ್ಚು ಕೆಲಸ ಮಾಡುತ್ತವೆ. ಬಾಣಂತಿಗೆ ಕೊಡುವ ಅಳ್ವಿಯ ವಿಷಯದಲ್ಲಿ ನಂಬಿಕೆ ಪೂರ್ತಿ ಸುಳ್ಳಲ್ಲ, ಅದರಲ್ಲಿ ಕಬ್ಬಿಣ ಚೆನ್ನಾಗಿಯೇ ಇದೆ. ಆದರೆ ಹಳೆಯ ಪುಸ್ತಕಗಳು ಹೇಳುವ 100 ಗ್ರಾಮಿಗೆ 100 ಮಿಲಿಗ್ರಾಂ ಎಂಬ ಅಂಕಿಗಿಂತ ಹೊಸ ಕೋಷ್ಟಕದ ಅಂಕಿ ಬಹಳ ಕಡಿಮೆ.

ಮಾಂಸಾಹಾರಿಗಳಿಗೆ ಕುರಿಯ ಕಲೇಜಿ ಉತ್ತಮ ಮೂಲ; ಕಬ್ಬಿಣ ಕೂಡಿಡುವ ಅಂಗವೇ ಅದು. ಮಾಂಸದಲ್ಲಿನ ಹೀಮ್ ಕಬ್ಬಿಣ ಶೇ. 15ರಿಂದ 35ರವರೆಗೆ ಹೀರಿಕೆಯಾಗುತ್ತದೆ. ಗರ್ಭಿಣಿಯರು ಮಾತ್ರ ಕಲೇಜಿಯನ್ನು ಹೆಚ್ಚು ತಿನ್ನಬಾರದು, ಅದರಲ್ಲಿ ವಿಟಮಿನ್ ಎ ತೀರ ಹೆಚ್ಚು. ಶಾಲಾ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಕೆಲಸ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಶುರುವಾಯಿತು. ಪ್ರೋಟೀನ್ ಮತ್ತು ಬಿ12ಗೆ ಅದು ಬಹಳ ಒಳ್ಳೆಯದು, ರಕ್ತಕ್ಕೂ ಬಿ12 ಬೇಕೇ ಬೇಕು. ಆದರೆ ಮೊಟ್ಟೆಯ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಪಡಿತರದಲ್ಲಿ ಈಗ ಬರುವ ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಮತ್ತು ಬಿ12 ಸೇರಿಸಿರುತ್ತಾರೆ. ನೂರು ಕಾಳಿಗೆ ಒಂದರಂತೆ ಬೆರೆಸಿದ, ನೀರಲ್ಲಿ ತೇಲುವ ಆ ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವವರಿದ್ದಾರೆ. ಎಸೆಯಬಾರದು, ಸೇರಿಸಿದ ಸಾರವೆಲ್ಲ ಅದರಲ್ಲೇ ಇದೆ.

ಸಂಗ್ರಹ ಬರಿದಾದಾಗ

ಚಕ್ಕರ ಬರುವುದು, ಕಣ್ಣಿಗೆ ಕತ್ತಲೆ ಕಟ್ಟುವುದು, ಮೆಟ್ಟಿಲೇರಿದರೆ ಎದೆ ಬಡಿತ, ಬಾಯಿಯ ಮೂಲೆಯಲ್ಲಿ ಬಿರುಕು, ಚಮಚದಂತೆ ಗುಳಿ ಬಿದ್ದ ಉಗುರು, ರಾತ್ರಿ ಕಾಲು ಎಳೆದಂತಾಗಿ ನಿದ್ದೆ ಹತ್ತದಿರುವುದು ಇದರ ಲಕ್ಷಣಗಳು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಚಟವನ್ನು ಬಯಕೆ ಎಂದು ನಕ್ಕು ಬಿಡುತ್ತಾರೆ. ಅದು ಬಹಳ ಸಲ ಕಬ್ಬಿಣದ ಕೊರತೆಯ ಗುರುತು, ಕೊರತೆ ತುಂಬಿದರೆ ಚಟ ತಾನಾಗಿ ಹೋಗುತ್ತದೆ. ಮಣ್ಣು ತಿಂದರೆ ಕಬ್ಬಿಣ ಸಿಗುವ ಬದಲು ಹೀರಿಕೆಗೆ ಅಡ್ಡಿಯಾಗುತ್ತದೆ, ಹೊಟ್ಟೆಗೆ ಜಂತುವಿನ ತತ್ತಿಗಳೂ ಹೋಗಬಹುದು. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರಿಗೆ ಕೊಕ್ಕೆಹುಳುವಿನ ಬಾಧೆ ಬೇರೆ. ಅದು ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ವರ್ಷಕ್ಕೆ ಎರಡು ಸಲ ಶಾಲೆ–ಅಂಗನವಾಡಿಗಳಲ್ಲಿ ಜಂತುನಾಶಕ ಅಲ್ಬೆಂಡಜೋಲ್ ಕೊಡುವುದು ಈ ಕಾರಣಕ್ಕೆ.

ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಮದುವೆಯಾಗಿ ಬರುವಾಗಲೇ 300 ಮಿಲಿಗ್ರಾಂ ಸಂಗ್ರಹವೂ ಇಲ್ಲದ ಹುಡುಗಿ ಅದನ್ನು ಎಲ್ಲಿಂದ ತಂದಾಳು? ಬಸಿರಿನ ನಂತರ ಗುಳಗಿ ಕೊಟ್ಟು ತುಂಬಿಸಲು ಹೊರಡುವುದು ತಡವಾಗಿ ಎದ್ದಂತೆ. ಹದಿಹರೆಯದಲ್ಲೇ ಸಂಗ್ರಹ ಕಟ್ಟಬೇಕು. ತಾಯಿಯಲ್ಲಿ ತೀವ್ರ ರಕ್ತಹೀನತೆ ಇದ್ದರೆ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಕೂಸು, ಹೆರಿಗೆಯಲ್ಲಿ ರಕ್ತ ಹೋದಾಗ ತಾಳಿಕೊಳ್ಳಲಾಗದೆ ಸಾವು ಇವೆಲ್ಲದರ ಅಪಾಯ ಹೆಚ್ಚು. ಕೂಸು ಹುಟ್ಟುವಾಗ ತರುವ ಸಂಗ್ರಹ ಸುಮಾರು ಆರು ತಿಂಗಳಿಗೆ ಸಾಕಾಗುತ್ತದೆ. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಕನಿಷ್ಠ ಒಂದು ನಿಮಿಷ ತಡೆದರೆ ತಾಯಿಮಾಸಿನ ರಕ್ತ ಕೂಸಿಗೆ ಇಳಿದು ಈ ಸಂಗ್ರಹ ಹೆಚ್ಚುತ್ತದೆ. ಕಾಸಿನ ಖರ್ಚಿಲ್ಲದ ಉಪಾಯವಿದು. ಆರು ತಿಂಗಳ ನಂತರ ಬರೀ ಆಕಳ ಹಾಲು–ಬಿಸ್ಕೆಟ್ ಮೇಲೆ ಬೆಳೆಸಿದ ಮಗು ದುಂಡಗೆ ಕಂಡರೂ ಒಳಗೆ ಬರಿದಾಗಿರಬಹುದು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಎರಡು ವರ್ಷದೊಳಗೆ ಮಿದುಳು ಬೆಳೆಯುವ ಹೊತ್ತಿನ ಕೊರತೆ ಕಲಿಕೆಯ ಮೇಲೆ ಬೀರುವ ಪರಿಣಾಮವನ್ನು ಆಮೇಲೆ ಕಬ್ಬಿಣ ಕೊಟ್ಟು ಪೂರ್ತಿ ಸರಿಪಡಿಸಲು ಆಗದೆ ಹೋಗಬಹುದು.

ಗುಳಗಿ ಮತ್ತು ಇಂಜೆಕ್ಷನ್

ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1970ರಿಂದಲೂ ಇದೆ. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’, ರಾಜ್ಯದಲ್ಲಿ 2023ರಲ್ಲಿ ‘ಅನೀಮಿಯಾ ಮುಕ್ತ ಪೌಷ್ಟಿಕ ಕರ್ನಾಟಕ’ ಎಂದು ಹೊಸ ರೂಪ ಪಡೆಯಿತು. ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ ಕೆಂಪು ಗುಳಗಿ, ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಗುಳಗಿ; ಎರಡರಲ್ಲೂ 60 ಮಿಲಿಗ್ರಾಂ ಕಬ್ಬಿಣವಿದೆ. ಐದರಿಂದ ಒಂಬತ್ತು ವರ್ಷದವರಿಗೆ 45 ಮಿಲಿಗ್ರಾಂನ ಗುಲಾಬಿ ಗುಳಗಿ, ಚಿಕ್ಕ ಮಕ್ಕಳಿಗೆ ಸಿರಪ್.

‘ಗುಳಗಿ ತಗೊಂಡ್ರ ಹೊಟ್ಟ್ಯಾಗ ಕಸಿವಿಸಿ ಆಗ್ತದ’ ಎಂಬ ದೂರು ಸುಳ್ಳಲ್ಲ. ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಆಗುತ್ತವೆ. ಹೀರಿಕೆಯಾಗದೆ ಉಳಿದ ಕಬ್ಬಿಣವೇ ಇದಕ್ಕೆ ಕಾರಣ. ಆಶಾ ಕಾರ್ಯಕರ್ತೆ ಮೊದಲೇ ‘ಮಲ ಕರಿ ಆಗ್ತದ, ಅಂಜಬ್ಯಾಡವ್ವಾ’ ಎಂದು ಹೇಳಿದ ಮನೆಯಲ್ಲಿ ಗುಳಗಿಯ ಪಟ್ಟಿ ಮುಗಿಯುತ್ತದೆ; ಹೇಳದ ಮನೆಯಲ್ಲಿ ಅದು ದೇವರ ಮಾಡದ ಗೂಡಿನಲ್ಲಿ ಉಳಿಯುತ್ತದೆ. ರಾತ್ರಿ ಮಲಗುವಾಗ ನಿಂಬೆ ನೀರಿನ ಜೊತೆ ನುಂಗಿದರೆ ಎಷ್ಟೋ ಜನರಿಗೆ ತಡೆದುಕೊಳ್ಳಲು ಆಗುತ್ತದೆ. ಹಾಲು, ಚಹಾ, ಕ್ಯಾಲ್ಸಿಯಂ ಗುಳಗಿಗಳ ಜೊತೆ ನುಂಗಬಾರದು. ಗರ್ಭಿಣಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಗುಳಗಿಗಳನ್ನು ಕೊಡುವಾಗ ಒಂದು ಬೆಳಗ್ಗೆ ಒಂದು ರಾತ್ರಿ ಎಂದು ಬಿಡಿಸಿ ಹೇಳಬೇಕು.

ಒಂದು ಗುಳಗಿ ನುಂಗಿದ ಮೇಲೆ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಹಾಗೇ ಇರುತ್ತದೆ. ಮರುದಿನದ ಗುಳಗಿಯಿಂದ ಹೀರಿಕೆ ಕಡಿಮೆಯಾಗುತ್ತದೆ. ಸಂಗ್ರಹ ಬರಿದಾಗಿದ್ದರೂ ರಕ್ತಹೀನತೆ ಇಲ್ಲದ ಯುವತಿಯರಲ್ಲಿ ದಿನಬಿಟ್ಟು ದಿನ ಕೊಟ್ಟಾಗ ಹೀರಿಕೆ ಹೆಚ್ಚಿತೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ತೋರಿಸಿದರು. ಗರ್ಭಿಣಿಯರು ಮಾತ್ರ ದಿನವೂ ತೆಗೆದುಕೊಳ್ಳುವ ಕ್ರಮವನ್ನು ತಾವಾಗಿ ಬದಲಿಸಬಾರದು. ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಗುಳಗಿ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಸಂಗ್ರಹ ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಗುಳಗಿ ಒಗ್ಗದವರಿಗೆ, ಹೆರಿಗೆ ಹತ್ತಿರವಿರುವಾಗ ರಕ್ತ ತೀರ ಕಡಿಮೆ ಇರುವವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ಸಂಶೋಧಕರು ಪಾಲ್ಗೊಂಡ ದೊಡ್ಡ ಪ್ರಯೋಗವೊಂದು ಗರ್ಭಿಣಿಯರಲ್ಲಿ ಒಂದೇ ಸಲ ಕೊಡುವ ಇಂಥ ಇಂಜೆಕ್ಷನ್ನನ್ನೂ ಗುಳಗಿಯನ್ನೂ ಹೋಲಿಸಿ ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ನಡೆದಿದೆ.

ಮನೆಯಲ್ಲಿ ಉಳಿದ ಗುಳಗಿಗಳು ಮಕ್ಕಳಿಗೆ ವಿಷ. ಕೆಂಪು ಲೇಪದ ಗುಳಗಿ ಪೆಪ್ಪರ್‌ಮೆಂಟಿನಂತೆ ಕಾಣುತ್ತದೆ. 10 ಕಿಲೋ ತೂಕದ ಮಗು ಹತ್ತು ಗುಳಗಿ ನುಂಗಿದರೆ ಕಿಲೋ ತೂಕಕ್ಕೆ 60 ಮಿಲಿಗ್ರಾಂ ಆಗುತ್ತದೆ, ಅದು ಪ್ರಾಣಕ್ಕೆ ಎರವಾಗುವ ಪ್ರಮಾಣ. ವಾಂತಿ ಆಗಿ ಮಗು ಸುಧಾರಿಸಿದಂತೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಿತಿಮೀರಿದಾಗ

ಕೋವಿಡ್‌ನಿಂದ ದೇಶದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚಿನಲ್ಲಿ, ಕಲಬುರಗಿಯಲ್ಲಿ. ಮುಂದಿನ ಎರಡು ವರ್ಷಗಳಲ್ಲಿ ಸಿಆರ್‌ಪಿ, ಡಿ–ಡೈಮರ್‌ಗಳ ಜೊತೆ ಫೆರಿಟಿನ್ ಎಂಬ ಹೆಸರೂ ಜನರ ಬಾಯಿಗೆ ಬಂತು. 800, 1,200 ಎಂಬ ಅಂಕಿಗಳನ್ನು ಕಂಡು ಮೈಯಲ್ಲಿ ಕಬ್ಬಿಣ ಹೆಚ್ಚಾಗಿದೆ ಎಂದು ಸೊಪ್ಪು, ಬೆಲ್ಲ ಬಿಟ್ಟವರೂ ಉಂಟು. ಅಲ್ಲಿ ಏರಿದ್ದು ಉರಿಯೂತದ ಸೂಚನೆ. ಸಂಗ್ರಹಕ್ಕೂ ಅದಕ್ಕೂ ಸಂಬಂಧ ಕಡಿಮೆ. ಡೆಂಗೆಯಲ್ಲೂ ಹೀಗೇ ಆಗುತ್ತದೆ.

ಕಾಯಿಲೆ ಇಲ್ಲದವರಲ್ಲಿ ಫೆರಿಟಿನ್ ಗಂಡಸರಿಗೆ 200, ಹೆಂಗಸರಿಗೆ 150 ದಾಟಿದರೆ ಸಂಗ್ರಹ ಹೆಚ್ಚಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಬೇರೆ ಕಾಯಿಲೆ ಇರುವವರಲ್ಲಿ ಆ ಗಡಿ 500. ನಗರದ ನಡುವಯಸ್ಸಿನವರಲ್ಲಿ ಫೆರಿಟಿನ್ ಏರಲು ಸಾಮಾನ್ಯ ಕಾರಣ ಯಕೃತ್ತಿನಲ್ಲಿ ಕೊಬ್ಬು, ಸಕ್ಕರೆ ಕಾಯಿಲೆ, ಮದ್ಯ. ಉತ್ತರ ಯುರೋಪಿನವರಲ್ಲಿ ಹೆಚ್ಚಾಗಿ ಕಾಣುವ ಆನುವಂಶಿಕ ಹಿಮೊಕ್ರೊಮಾಟೋಸಿಸ್ ನಮ್ಮಲ್ಲಿ ಅಪರೂಪ. ಅದರಲ್ಲಿ ಬಾಗಿಲು ಮುಚ್ಚುವ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿರುತ್ತದೆ, ಆಗಾಗ ರಕ್ತ ತೆಗೆಯುವುದೇ ಚಿಕಿತ್ಸೆ. ಕಬ್ಬಿಣದ ಡ್ರಮ್ಮುಗಳಲ್ಲಿ ಕುದಿಸಿದ ಬಿಯರ್ ಕುಡಿಯುವ ಆಫ್ರಿಕಾದ ಕೆಲವು ಸಮುದಾಯಗಳಲ್ಲೂ ಅತಿಸಂಗ್ರಹ ಕಂಡಿದೆ. ಅತಿಸಂಗ್ರಹ ಆಗದಿದ್ದರೂ ಬೇಕಿಲ್ಲದವರಿಗೆ ಕೊಟ್ಟ ಕಬ್ಬಿಣ ಅಪಾಯ ತರಬಹುದು: ಮಲೇರಿಯಾ ಹೆಚ್ಚಿರುವಲ್ಲಿ ಪರೀಕ್ಷಿಸದೆ ಎಲ್ಲ ಮಕ್ಕಳಿಗೂ ಕಬ್ಬಿಣ ಕೊಟ್ಟಾಗ ಆಸ್ಪತ್ರೆ ಸೇರುವ ಇಲ್ಲವೇ ಸಾಯುವ ಮಕ್ಕಳು ಹೆಚ್ಚಾದರೆಂದು ಟಾಂಜಾನಿಯಾದ ಪೆಂಬಾ ದ್ವೀಪದ ಅಧ್ಯಯನ 2006ರಲ್ಲಿ ತಿಳಿಸಿತು.

ಇಲ್ಲಿ ನಿಜವಾದ ಅತಿಸಂಗ್ರಹ ಕಾಣುವುದು ಮುಖ್ಯವಾಗಿ ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯ ಮಕ್ಕಳಲ್ಲಿ. ಒಂದು ಬಾಟಲಿ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ; ಊಟದಿಂದ ಅಷ್ಟು ಸೇರಲು ಆರು ತಿಂಗಳಾದರೂ ಬೇಕು. ಹತ್ತಿಪ್ಪತ್ತು ಸಲ ರಕ್ತ ಹಾಕಿದ ಮೇಲೆ, ಅಥವಾ ಫೆರಿಟಿನ್ 1,000 ದಾಟಿದಾಗ, ಕಬ್ಬಿಣವನ್ನು ಹಿಡಿದು ಹೊರಹಾಕುವ ಡೆಫೆರಾಸಿರಾಕ್ಸ್‌ನಂಥ ಔಷಧ ಶುರುಮಾಡುತ್ತಾರೆ. ಮಾಡದಿದ್ದರೆ ಹೃದಯದಲ್ಲಿ ಕಬ್ಬಿಣ ಕೂತು ಹದಿಹರೆಯದಲ್ಲೇ ಪ್ರಾಣ ಹೋಗುತ್ತದೆ. ಬೆಳವಣಿಗೆ ಕುಂಠಿತವಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೀಮಿಯವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ಥಲಸ್ಸೀಮಿಯದ ವಾಹಕರ ಕಥೆ ಬೇರೆ. ಅವರಿಗೆ ಕಾಯಿಲೆ ಇಲ್ಲ. ಹಿಮೋಗ್ಲೋಬಿನ್ 10–11ರಲ್ಲಿ ನಿಂತಿರುತ್ತದೆ, ಕೆಂಪುಕಣಗಳು ಗಾತ್ರದಲ್ಲಿ ಚಿಕ್ಕವು. ನೋಡಲು ಥೇಟ್ ಕಬ್ಬಿಣದ ಕೊರತೆಯಂತೆಯೇ ಇರುವುದರಿಂದ ವರ್ಷಗಟ್ಟಲೆ ಗುಳಗಿ ನುಂಗಿಸುತ್ತಾರೆ, ಹಿಮೋಗ್ಲೋಬಿನ್ ಏರುವುದಿಲ್ಲ. ಫೆರಿಟಿನ್ ಸರಿಯಾಗಿದ್ದು ಕೆಂಪುಕಣ ಚಿಕ್ಕದಿದ್ದರೆ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಬೇಕು. ಗಂಡ–ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಕೂಸಿಗೆ ತೀವ್ರ ಥಲಸ್ಸೀಮಿಯ ಬರುವ ಸಂಭವ ನಾಲ್ಕರಲ್ಲಿ ಒಂದು. ಗರ್ಭಿಣಿ ವಾಹಕಳೆಂದು ಗೊತ್ತಾದರೆ ಗಂಡನ ರಕ್ತವನ್ನೂ ಮೊದಲ ಮೂರು ತಿಂಗಳೊಳಗೇ ಪರೀಕ್ಷಿಸುವುದು ವಾಡಿಕೆ.